ನಡುಕ ನುಂಗುವ ಕಾಗದ

ಆ ಚಳಿಗಾಲದಲ್ಲಿ ಮಾವನಿಗೆ ಬರುತ್ತಿದ್ದ ಫೋನುಗಳಿಗೆ ಉತ್ತರ ಕೊಡುತ್ತಿದ್ದವನು ನಾನು. ಅದೂ ಮಾವನ ಗಂಟಲಿನಲ್ಲಿ.

ನಾನು ತುಮಕೂರಿನ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಬಿಡುವಿನ ದಿನಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಆರತಕ್ಷತೆ, ಸ್ಕೂಲ್ ಡೇ, ನಾಮಕರಣ, ಎಲ್ಲಿಗೆ ಕರೆದರೂ ಹೋಗಿ, ಕರೆದವರನ್ನೇ ಆಡಿಕೊಂಡು, ಊಟ ಮಾಡಿ ಬರುವುದು ನನ್ನ ಕಲೆ. ಹೆಬ್ಬೂರು ಬಸ್ಸಿನ ಕಂಡಕ್ಟರು, ನಮ್ಮ ಹೆಡ್ ಮೇಡಂ, ವಿಷಲ್ ಕಟ್ಟಿದ ಕುಕ್ಕರು, ಚಳಿಗೆ ಸ್ಟಾರ್ಟ್ ಆಗದ ಮೊಪೆಡ್ಡು, ಯಾರನ್ನೂ ಬಿಟ್ಟಿಲ್ಲ. ನನ್ನನ್ನೂ ಬಿಟ್ಟಿಲ್ಲ. ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟಿನ ತಟ್ಟೆ ಮುಂದೆ ನನ್ನ ಧ್ವನಿ ಹೇಗೆ ಆಡಿನ ಮರಿಯಂತಾಗುತ್ತದೆ ಎಂಬುದು ನನ್ನ ಐಟಂಗಳಲ್ಲೇ ಹೆಚ್ಚು ಚಪ್ಪಾಳೆ ಬೀಳುವಂಥದ್ದು.

ಮಾವ ಎಂದರೆ ಅಮ್ಮನ ಅಣ್ಣ. ಮನೆ ಗುಬ್ಬಿಯಲ್ಲಿ. ನಾಟಕದ ಪರದೆ ಬರೆಯುವುದು ಅವರ ಕಸುಬು. ನಮ್ಮ ಕಡೆ ತೆಂಗಿನ ತೋಟದವರು, ಸ್ಕೂಲ್ ಮೇಷ್ಟ್ರುಗಳು, ಡೈರಿ ಸೆಕ್ರೆಟರಿ ಎಲ್ಲ ಸೇರಿ ಕಿರೀಟ ಕಟ್ಟಿಕೊಂಡು ಪೌರಾಣಿಕ ನಾಟಕ ಆಡುತ್ತಾರಲ್ಲ, ಅವರ ಬೆನ್ನ ಹಿಂದೆ ಇಳಿಯುವ ದರ್ಬಾರು, ಕಾಡು, ಅಂತಃಪುರ, ಬೀದಿ, ಅವೆಲ್ಲ ಮಾವನ ಕೈಯವು. ಈಗ ಹೆಚ್ಚಿನ ಮಂಡಳಿಯವರು ಪ್ರಿಂಟ್ ಹೊಡೆಸಿದ ಪರದೆ ತರುತ್ತಾರೆ. ಕುಣಿಗಲ್ ತಾಲ್ಲೂಕು ಅಮೃತೂರು ಕಡೆಯ ಒಂದು ಮಂಡಳಿ ಮಾತ್ರ ಕೈಯಲ್ಲಿ ಬರೆದ ದರ್ಬಾರೇ ಬೇಕೆಂದು ಬಂದು ಮಾವನಿಗೆ ವೀಳ್ಯ ಕೊಟ್ಟು ಹೋಗಿತ್ತು. ಎಲೆ ಅಡಿಕೆ ಒಂದು ಸಲ ಕೈಗೆ ಬಂತೆಂದರೆ ಆಮೇಲೆ ‘ಆಗಲ್ಲ’ ಎನ್ನುವ ಹಾಗಿಲ್ಲ. ಅದು ಮಾವನ ಕಸುಬಿನ ಕಾಯಿದೆ.

ಲಕ್ವ ಹೊಡೆದದ್ದು ಅದಾದ ಮೇಲೆ. ಬಟ್ಟೆ ಗೋಡೆಗೆ ಬಿಗಿದಾಗಿತ್ತು, ಅದರ ಮೇಲೆ ಒಂದು ಗೆರೆಯೂ ಬಿದ್ದಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದಾಗ ಕಾಲು ಪರವಾಗಿಲ್ಲ ಅನ್ನಿಸುವಂತಿತ್ತು. ಬಲಗೈಯೂ ವಾಪಸ್ಸು ಬಂದಿತ್ತು, ಆದರೆ ಜೊತೆಗೆ ಒಂದು ನಡುಕವನ್ನು ಕರೆದುಕೊಂಡು ಬಂದಿತ್ತು. ಮಾತು ನೀರಿನಲ್ಲಿ ನೆನೆದ ಹಾಗೆ, ಅಂಚೆಲ್ಲ ಕರಗಿ, ಒಂದೊಂದಾಗಿ ಬರುತ್ತಿತ್ತು. ಮೊದಲು ಹಾಗಿರಲಿಲ್ಲ. ಏಣಿಯ ಮೇಲಿಂದ ಮಾವ ಬೈದರೆ ಬೀದಿಯಲ್ಲಿ ಹೋಗುವವರು ನಿಂತು ಯಾರಿಗೆ ಎಂದು ನೋಡುತ್ತಿದ್ದರು. ಮೊದಲು ಒಂದು ಕೆಮ್ಮು, ಆಮೇಲೆ ‘ನೋಡಿ ಸ್ವಾಮಿ’, ಆಮೇಲೆ ಬೈಗುಳ. ಅದು ನನ್ನ ಬಾಯಿಗೆ ಚಿಕ್ಕಂದಿನಲ್ಲೇ ಅಂಟಿಕೊಂಡ ಧ್ವನಿ.

ಅಮೃತೂರಿನಿಂದ ಮೊದಲ ಫೋನು ಬಂದಾಗ ನಾನು ಅಲ್ಲೇ ಇದ್ದೆ. ಮಾಡಿದವರು ಆ ಮಂಡಳಿಯ ಹಾರ್ಮೋನಿಯಂ ಮೇಷ್ಟ್ರು. ಅತ್ತೆ ಬಿಸಿ ಪಾತ್ರೆ ಹಿಡಿದಂತೆ ಫೋನನ್ನು ಸೆರಗಿನಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

“ನಿಮ್ಮಾವನ್ ತರ ಮಾತಾಡ್ಲಾ.”

“ಏನತ್ತೆ, ತಮಾಷೇನಾ?”

“ಊರೋರ್ನೆಲ್ಲ ಆಡ್ಕೊಂಡ್ ತಿರುಗ್ತೀಯಲ್ಲ, ಮನೆಗೂ ಒಂದ್ ಸಲ ಉಪಯೋಗಕ್ ಬಾ. ಪೇಂಟ್ರು ಕೈ ಹೋಯ್ತಂತೆ ಅಂತ ಜನದ್ ಬಾಯ್ಗ್ ಬಿದ್ರೆ ಈ ಬಾಗ್ಲಿಗ್ ಇನ್ಯಾರೂ ಬರಲ್ಲ ಕಣೋ. ಕೈ ಸರಿ ಹೋಗೋಗಂಟ ಅಷ್ಟೇಯ. ಮಾತಾಡು.”

ನಾನು ಕೆಮ್ಮಿದೆ. “ನೋಡಿ ಸ್ವಾಮಿ, ಗಂಜಿ ಹಾಕಿದ್ ಬಟ್ಟೆ ಇನ್ನೂ ಒಣಗ್ತಾ ಐತೆ. ಹಸಿ ಬಟ್ಟೆ ಮೇಲೆ ರಾಜನ್ನ ಕೂರಿಸಿದ್ರೆ ಶೀತ ಆಗಲ್ವಾ ಅವನ್ಗೆ? ನಾಟ್ಕದಲ್ಲಿ ಸೀನ್ಕೊಂಡ್ ಕೂರ್ತಾನೆ.”

ಆ ಕಡೆ ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ. “ಥೇಟ್ ಅವರೇಯ” ಎಂದು ಕಣ್ಣೊರೆಸಿಕೊಂಡು ಒಳಗೆ ಹೋದಳು. ನನ್ನ ವೃತ್ತಿ ಜೀವನದಲ್ಲಿ ಇಷ್ಟು ಚೆನ್ನಾಗಿ ಮಾಡಿದ ಐಟಂ ಇನ್ನೊಂದಿಲ್ಲ, ಚಪ್ಪಾಳೆ ಬೇಡವೆನ್ನಿಸಿದ್ದೂ ಇನ್ನೊಂದಿಲ್ಲ. ಇನ್ನು ನನ್ನ ಗಂಟಲು ಎಷ್ಟು ದಿನ ತಡೆಯುತ್ತದೋ ಅಷ್ಟರೊಳಗೆ ಮಾವನ ಕೈ ಬ್ರಷ್ ಹಿಡಿಯಬೇಕಿತ್ತು.

ಏಣಿ, ದೊಡ್ಡ ಬ್ರಷ್ಷು, ಬಕೆಟ್ಟು ಯಾವುದೂ ಸದ್ಯಕ್ಕೆ ಬೇಡ, ಮೇಜಿನ ಮೇಲೆ ಹಗುರವಾದದ್ದೇನಾದರೂ ಬರೆಸಿ ಎಂದು ಫಿಸಿಯೋ ಹುಡುಗಿ ಹೇಳಿದ್ದಳು. ಹಗುರವಾದದ್ದೆಂದರೆ ನನ್ನ ಬಳಿ ಇದ್ದದ್ದು ವಾಟರ್ ಕಲರ್. ಬಣ್ಣದ ಡಬ್ಬಿ, ಅಳಿಲಿನ ಬಾಲದಂಥ ಬ್ರಷ್ಷು, ಒಂದು ಲೋಟ ನೀರು. ಉಳಿದದ್ದು ಕಾಗದ. ಈ ಬಣ್ಣಕ್ಕೆ ಕಾಗದವೇ ಅರ್ಧ ಚಿತ್ರ ಎಂದು ತರಗತಿಯಲ್ಲಿ ಗಂಟಲು ಹರಿಯುವಂತೆ ಪಾಠ ಮಾಡಿ, ಆಮೇಲೆ ಮಕ್ಕಳ ಕೈಗೆ ಅಂಗಡಿಯಲ್ಲೇ ಅತ್ಯಂತ ದರಿದ್ರವಾದ ಶೀಟು ಕೊಡುವ ಮೇಷ್ಟ್ರು ನಾನು. ಮಾವನಿಗೂ ಅದನ್ನೇ ತೆಗೆದುಕೊಂಡು ಹೋದೆ.

ಮಾವ ಆಕಾಶ ಬಳಿದರು. ಕಾಗದ ಒದ್ದೆಯಾದ ಕೂಡಲೇ ನಾಲ್ಕೂ ಕಡೆಯಿಂದ ಮೇಲೆದ್ದು ನಿಂತಿತು. ಪರದೆಯ ಮೇಲೆ ಮಾಡುವಂತೆ ಅದೇ ಜಾಗವನ್ನು ಮತ್ತೆ ತಿಕ್ಕಿದರು. ಕಾಗದ ನೂಲು ನೂಲಾಗಿ ಎದ್ದು ಬ್ರಷ್ಷಿಗೆ ಸುತ್ತಿಕೊಂಡಿತು.

“ಹಪ್ಳ” ಎಂದರು ಮಾವ.

“ಮತ್ತೆ ಮತ್ತೆ ತಿಕ್ಬಾರ್ದು ಮಾವ. ಒಂದ್ಸಲ ಬಳಿದ್ರೆ ಬಿಟ್ಬಿಡ್ಬೇಕು.”

“ಬಿಳಿ... ಎಲ್ಲಿ?”

“ಬಿಳಿ ಬಣ್ಣ ಬಳಿಯಲ್ಲ ಇದ್ರಲ್ಲಿ. ಪೇಪರ್ರೇ ಬಿಳಿ. ಮೋಡ ಬೇಕು ಅಂದ್ರೆ ಅಲ್ಲಿ ಏನೂ ಮಾಡ್ದೆ ಬಿಟ್ಬಿಡೋದು.”

ಮಾವ ನನ್ನನ್ನು ವಿಚಿತ್ರವಾಗಿ ನೋಡಿದರು. ಜೀವಮಾನವೆಲ್ಲ ತಪ್ಪಿದ ಕಡೆ ಬಿಳಿ ಹೊಡೆದು ಅದರ ಮೇಲೆ ಮತ್ತೆ ಬರೆದವರು. “ತಪ್ಪಾದ್ರೆ?”

“ತಪ್ಪಾದ್ರೆ ತಪ್ಪೂ ಕಾಣ್ತದೆ.”

“ಇದೆಂಥಾ... ಕಸುಬ್ಲಾ” ಎಂದು ಬ್ರಷ್ ಕೆಳಗಿಟ್ಟರು.

ತಪ್ಪು ಕಾಗದದ್ದು ಎಂದು ನನ್ನ ಲೆಕ್ಕಾಚಾರ. ತುಮಕೂರಿನಲ್ಲಿ ನಾನು ಯಾವಾಗಲೂ ಹೋಗುವ ಒಂದು ಸ್ಟೇಷನರಿ ಅಂಗಡಿಯಿದೆ. ಅದರ ಯಜಮಾನರಿಗೆ ನಾನು ಅವರ ದನಿಯಲ್ಲೇ ಮಾತಾಡಿಸದಿದ್ದರೆ ದಿನ ಸರಿಹೋಗುವುದಿಲ್ಲ. ಅವತ್ತು ಸುಮ್ಮನೆ ಒಳಗೆ ಹೋದದ್ದಕ್ಕೆ, “ಏನ್ ಮೇಷ್ಟ್ರೇ, ಬ್ಯಾಟರಿ ಡೌನಾ?” ಎಂದರು. ಪೂರ್ತಿ ಹತ್ತಿಯಿಂದ ಮಾಡಿದ ದಪ್ಪನೆಯ ಕಾಗದ ಬೇಕೆಂದೆ. ಎಷ್ಟು ನೀರು ಹಾಕಿದರೂ ಹಲ್ಲು ಕಚ್ಚಿಕೊಂಡು ಮಲಗಿರುವಂಥದ್ದು. ಮೇಲಿನ ಕಪಾಟಿನಿಂದ ಮದುವೆ ಸೀರೆ ತೆಗೆದಂತೆ ತೆಗೆದು ಕೊಟ್ಟರು. ಮಡಚಬಾರದು, ಸುತ್ತಬಾರದು. ಗುಬ್ಬಿಯ ತನಕ ರೈಲಿನಲ್ಲಿ ಅದನ್ನು ಎರಡು ರಟ್ಟಿನ ನಡುವೆ ತೊಡೆಯ ಮೇಲೆ ಹಿಡಿದು ಕೂತಿದ್ದೆ. ಪಕ್ಕದಲ್ಲಿದ್ದ ಅಜ್ಜಿ, “ಎಕ್ಸ್‌ರೇನಾ ಮಗಾ? ಯಾರ್ಗೆ?” ಎಂದು ಕೇಳಿದರು. ಮಾವನಿಗೆ ಎಂದೆ. ಸುಳ್ಳೇನೂ ಅಲ್ಲ.

“ಹುಷಾರು ಮಾವ, ಇದು ಹತ್ತಿದು. ಪೂರ್ತಿ ಕಾಟನ್ನು” ಎಂದು ಹೇಳಿ ಕೊಟ್ಟು ಬಂದೆ. ಅದೊಂದು ಮಾತು ಹೇಳದೆ ಇದ್ದಿದ್ದರೆ ಕಾಗದ ಉಳಿಯುತ್ತಿತ್ತು.

ಮುಂದಿನ ಸಲ ಹೋದಾಗ ಆ ಹಾಳೆಯನ್ನು ಗೋಡೆಗೆ ಹೊಡೆದಾಗಿತ್ತು, ನಾಲ್ಕು ಮೂಲೆಗೆ ಮೊಳೆ. ಎಣ್ಣೆ ಸವರಿದ ದೋಸೆ ಹಂಚಿನಂತೆ ಫಳಫಳ ಹೊಳೆಯುತ್ತಿತ್ತು. ಮನೆಯೆಲ್ಲ ಹುಣಸೆಬೀಜದ ಗಂಜಿಯ ವಾಸನೆ.

“ಬೀಜ ಹುರ್ದು, ಕುಟ್ಟಿ, ಬೇಯಿಸಿ, ಎಲ್ಲಾ ನಾನೇ ಮಾಡ್ಕೊಟ್ಟೆ” ಎಂದಳು ಅತ್ತೆ ಉತ್ಸಾಹದಿಂದ. “ಸವ್ರಿದ್ದು ಮಾತ್ರ ಅವ್ರೇಯ. ಎರಡ್ ಸಲ.”

ಮಾವ ಕುರ್ಚಿಯಲ್ಲಿ ಕೂತು ನನ್ನ ಮೆಚ್ಚುಗೆಗೆ ಕಾಯುತ್ತಿದ್ದರು. “ಹತ್ತಿ... ಅಂದ್ಯಲ್ಲ. ಗಂಜಿ ಇಲ್ದಿದ್ರೆ... ಬಣ್ಣ ಕುಡಿತದೆ.”

ಹತ್ತಿ ಎಂದರೆ ಬಟ್ಟೆ, ಬಟ್ಟೆ ಎಂದರೆ ಗಂಜಿ. ಪರದೆಯವರ ಮನೆಯಲ್ಲಿ ಇದರಲ್ಲಿ ಎರಡನೇ ಮಾತಿಲ್ಲ. ಅದರ ಮೇಲೆ ನಾನು ನೀಲಿ ಬಣ್ಣ ಇಟ್ಟೆ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಅದು ಉಂಡೆ ಕಟ್ಟಿ, ಗೋಡೆಯುದ್ದಕ್ಕೂ ಉರುಳಿ, ಅತ್ತೆಯ ಅಕ್ಕಿ ಡಬ್ಬದ ಹಿಂದೆ ಹೋಗಿ ಮರೆಯಾಯಿತು. ಮೂವರೂ ಅದು ಹೋದ ದಾರಿಯನ್ನೇ ನೋಡಿದೆವು. ಮೊದಲು ನಕ್ಕವರು ಮಾವ. ಬಾಯಿಯ ಒಂದೇ ಕಡೆ ನಗು, ಆದರೂ ನಗು. ಲಕ್ವ ಹೊಡೆದ ಮೇಲೆ ಅದೇ ಮೊದಲು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದಂತೆ ಅಲ್ಲಾಡುತ್ತಿದ್ದಳು.

ಆ ಖುಷಿಯಲ್ಲೇ ಫೋನು ಬಂತು. ನಾನು ಹಿತ್ತಲಿಗೆ ಓಡಿದೆ.

“ಪೇಂಟ್ರೇ, ದರ್ಬಾರು ಎಲ್ಲೀಗಂಟ ಬಂತು? ಹುಡುಗ್ರು ಕೇಳ್ತವ್ರೆ. ಬಂದ್ ಒಂದ್ಸಲ ನೋಡ್ಕೊಂಡ್ ಹೋಗ್ಲಾ?”

ಕೆಮ್ಮು. “ನೋಡಿ ಸ್ವಾಮಿ, ಅರ್ಧ ಬೆಂದ್ ಅನ್ನ ನೋಡಕ್ಕೆ ಯಾರಾದ್ರೂ ಅಮೃತೂರಿಂದ ಬರ್ತಾರಾ? ಕಂಬ ನಿಲ್ಲಿಸ್ತಾ ಇದೀನಿ. ಈಗ್ ಬಂದು ಕೆಳಗ್ ನಿಂತ್ರೆ ತಲೆ ಮೇಲ್ ಬಿದ್ದಾವು.”

“ಹ್ಹಹ್ಹ! ಸರಿ ಬುಡಿ. ಆದ್ರೂ ಇನ್ನೊಂದ್ ವಾರದಲ್ಲಿ ಫೋನ್ ಮಾಡ್ತೀನಿ, ದಿನ ಹೇಳ್ಬುಡಿ, ಬಂದ್ಬುಡ್ತೀನಿ.”

ಫೋನಿಟ್ಟು ತಿರುಗಿದರೆ ಹಿತ್ತಲ ಬಾಗಿಲ ಚೌಕಟ್ಟು ಹಿಡಿದುಕೊಂಡು ಮಾವ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ನನ್ನ ಕಣ್ಣನ್ನು ನೋಡಲಿಲ್ಲ, ಬೈಯಲಿಲ್ಲ. ನನ್ನ ಬಾಯನ್ನು ನೋಡುತ್ತಿದ್ದರು. ಕಳೆದುಹೋದ ವಾಚನ್ನು ಬೇರೆ ಯಾರದೋ ಕೈಯಲ್ಲಿ ಕಂಡವರು ನೋಡುತ್ತಾರಲ್ಲ, ಹಾಗೆ. ಮಾವ ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಅಲ್ಲಿಂದ ಮುಂದೆ ನನಗೆ ಒಂದೇ ಯೋಚನೆ. ಒಂದು ವಾರದಲ್ಲಿ ಕೈ ಸರಿಹೋಗುವುದಿಲ್ಲ. ಕೈಯನ್ನು ಬದಲಿಸಲು ಆಗದಿದ್ದರೆ ಕಾಗದವನ್ನು ಬದಲಿಸಬಹುದು. ವಾಟರ್ ಕಲರ್ ಕಾಗದದಲ್ಲಿ ಮೈ ಒರಟಾಗಿರುವ ಒಂದು ಜಾತಿಯಿದೆ. ಕೈಯಾಡಿಸಿದರೆ ಬಿಸಿಲಿಗೆ ಒಣಗಿದ ರಾಗಿ ಹೊಲದ ಹಾಗೆ ಉಬ್ಬುತಗ್ಗು. ಕಡಿಮೆ ನೀರಿನ ಬ್ರಷ್ ಎಳೆದರೆ ಬಣ್ಣ ಉಬ್ಬಿಗೆ ಮಾತ್ರ ಅಂಟಿ, ತಗ್ಗು ಬಿಳಿಯಾಗಿ ಉಳಿಯುತ್ತದೆ. ಗೆರೆ ತಾನೇ ಒಡೆದು ಚೂರಾಗುತ್ತದೆ. ಒಡೆದ ಗೆರೆಯಲ್ಲಿ ಯಾವುದು ಕಾಗದದ ಒರಟು, ಯಾವುದು ಕೈಯ ನಡುಕ ಎಂದು ಯಾರಿಗೂ ತಿಳಿಯುವುದಿಲ್ಲ. ನಡುಕ ಕಣ್ಣಿಗೆ ಬೀಳದಿದ್ದರೆ ಪರದೆ ಮುಟ್ಟಲು ಮಾವನಿಗೆ ಧೈರ್ಯವಾದರೂ ಬಂದೀತು.

“ರಫ್ಫಾ? ಹೋದ್ಸಲ ತಗೊಂಡಿದ್ದು ಏನಾಯ್ತು ಮೇಷ್ಟ್ರೇ?” ಎಂದರು ಅಂಗಡಿಯವರು.

“ಗಂಜಿ ಹಾಕ್ಬಿಟ್ರು.”

“ಇಸ್ತ್ರಿ ಮಾಡ್ಸಿಲ್ವಾ?”

ಬೇರೆ ದಿನವಾಗಿದ್ದರೆ ಅದನ್ನು ಅಲ್ಲೇ ಒಂದು ಐಟಂ ಮಾಡುತ್ತಿದ್ದೆ.

ಮಾವ ಆ ಒರಟು ಕಾಗದದ ಮೇಲೆ ಕಾಡು ಬರೆದರು. ಕೈ ನಡುಗಿದಂತೆಲ್ಲ ಎಲೆಗಳಾದವು. ಮರದ ಕಾಂಡಕ್ಕೆ ತೊಗಟೆ ಬಂತು. ಬಂಡೆಗೆ ಬಂಡೆಯ ಮೈ ಬಂತು. ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ನಿಂತು ನೋಡಿದಳು.

“ಅಯ್ಯೋ, ಮೊದ್ಲಿನ್ ತರಾನೇ ಐತಲ್ರೀ! ಏಣಿ ಒರಸಿ ಇಕ್ತೀನಿ. ಇವನೂ ಕೆಳಗ್ ನಿಂತ್ಕೋತಾನೆ. ಅಮೃತೂರೋರಿಗೆ ಬನ್ನಿ ಅಂದ್ಬುಡನ.”

ಮಾವ ಬ್ರಷ್ಷನ್ನು ಲೋಟಕ್ಕೆ ಹಾಕಿದರು. ಎಡಗೈ ಹೆಬ್ಬೆರಳನ್ನು ಕಾಗದದ ಖಾಲಿ ಅಂಚಿನ ಮೇಲೆ ಮೆಲ್ಲಗೆ ಎಳೆದರು. ಇನ್ನೊಂದು ಸಲ ಎಳೆದರು.

“ಯಾಕೆ... ಇಷ್ಟ್ ಒರಟು?”

“ಕಾಡಿಗೆ ಚೆನ್ನಾಗಿರ್ತದೆ ಮಾವ. ಟೆಕ್ಸ್ಚರ್ ಬರ್ತದೆ.”

“ನಡುಕಕ್ಕೆ... ಅನ್ನು.”

ನಾನು ಲೋಟದ ನೀರು ಬದಲಿಸಲು ಎದ್ದೆ. ಅತ್ತೆ ಅರ್ಥವಾಗದೆ ಇಬ್ಬರ ಮುಖವನ್ನೂ ನೋಡಿದಳು.

“ನುಣ್ಣುಂದು ಇಲ್ವಾ? ನುಣ್ಣುಂದು... ತಾ.”

ಹೊರಡುವಾಗ ಅತ್ತೆ ಗೇಟಿನ ತನಕ ಬಂದಳು. “ತರ್ಬೇಡ ಕಣೋ. ಈಗ್ ತಾನೇ ಒಂದ್ ಚೂರು ಗೆಲುವಾಗವ್ರೆ. ಸಿಕ್ಕಲಿಲ್ಲ ಅಂದ್ಬುಡು. ನೀನೇನು ಸುಳ್ಳು ಹೇಳಕ್ ಬರ್ದೆ ಇರೋನಾ?” ನನಗೂ ಹಾಗೆಯೇ ಅನ್ನಿಸಿತ್ತು. ನುಣುಪು ಕಾಗದವೆಂದರೆ ಕನ್ನಡಿಯಿದ್ದಂತೆ. ಬಿಸಿ ರೋಲರಿನ ನಡುವೆ ಒತ್ತಿ, ಮೈಯ ಉಬ್ಬನ್ನೆಲ್ಲ ಚಪ್ಪಟೆ ಮಾಡಿರುತ್ತಾರೆ. ಬ್ರಷ್ಷಿನ ಒಂದು ಕೂದಲು ಅಲುಗಿದರೂ ಅದರಲ್ಲಿ ಕಾಣುತ್ತದೆ. ಅಂಥದ್ದನ್ನು ಆ ಕೈಗೆ ಕೊಡುವುದು ಕ್ರೌರ್ಯವೋ, ಕೇಳಿದ ಮೇಲೂ ಕೊಡದಿರುವುದು ಕ್ರೌರ್ಯವೋ. ಅಂಗಡಿಯ ಮುಂದಿನಿಂದ ಒಂದು ಸಲ ದಾಟಿ ಹೋಗಿ, ಟೀ ಕುಡಿದು, ಮತ್ತೆ ವಾಪಸ್ಸು ಬಂದೆ. ಹಿತ್ತಲ ಬಾಗಿಲಲ್ಲಿ ನಿಂತು ನನ್ನ ಬಾಯನ್ನು ನೋಡಿದ ಆ ನೋಟ ತಲೆಯಿಂದ ಹೋಗುತ್ತಿರಲಿಲ್ಲ. ಆ ಮನೆಯಲ್ಲಿ ಎಲ್ಲರೂ ಅವರಿಂದ ಅವರನ್ನೇ ಮುಚ್ಚಿಡುತ್ತಿದ್ದೆವು. ನುಣುಪಿನದ್ದನ್ನೇ ಕೊಂಡೆ.

ಭಾನುವಾರ ಬೆಳಿಗ್ಗೆ ಮಾವ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಮೇಜಿನ ಮುಂದೆ ಕೂತರು. ಅತ್ತೆ ನನ್ನ ಮುಖ ನೋಡದೆ ಕಾಫಿ ಇಟ್ಟು ಹೋದಳು. ಮಾವ ಕಾಗದದ ಮೇಲೆ ಕೈಯಾಡಿಸಿ, ತಲೆಯಾಡಿಸಿದರು. ಬರೆಯಲು ಹೊರಟದ್ದು ದರ್ಬಾರಿನ ಕಂಬ. ಪರದೆಯ ಮೇಲೆ ಅದನ್ನು ಅವರು ಉಸಿರು ಬಿಗಿಹಿಡಿದು ಮೇಲಿಂದ ಕೆಳಗೆ ಒಂದೇ ಎಳೆತಕ್ಕೆ ಇಳಿಸುತ್ತಿದ್ದರು, ಒಂದಾಳುದ್ದ. ಇಲ್ಲಿ ಗೇಣುದ್ದ. ಬ್ರಷ್ ಇಟ್ಟು ಎಳೆದರು.

ಗೆರೆ ನಡುಗಿತು. ಮೇಲಿಂದ ಕೆಳಗಿನ ತನಕ ನಡುಗಿತು. ಕಾಗದ ಒಂದಿಷ್ಟೂ ಮುಚ್ಚಿಕೊಳ್ಳಲಿಲ್ಲ. ಮಾವ ಅದನ್ನು ನೋಡಿದರು. ಆಮೇಲೆ ಗೋಡೆಗೆ ಬಿಗಿದಿದ್ದ ಆ ದೊಡ್ಡ ಖಾಲಿ ಬಟ್ಟೆಯ ಕಡೆ ನೋಡಿದರು. ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ವೈದ್ಯರ ರಿಪೋರ್ಟನ್ನು ಮೊದಲ ಸಲ ತಾವೇ ಓದಿಕೊಳ್ಳುವವರ ಹಾಗೆ ಗೆರೆಯನ್ನು ಮೇಲಿಂದ ಕೆಳಗೆ ಇನ್ನೊಂದು ಸಲ ನೋಡಿದರು.

ಆಗ ಫೋನು ಬಂತು. ಅತ್ತೆ ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಮಾವ ಎಡಗೈಯಲ್ಲಿ ಅದನ್ನು ಎತ್ತಿಕೊಂಡಿದ್ದರು. ಸ್ಪೀಕರ್ ಒತ್ತಿದರು.

“ಪೇಂಟ್ರೇ, ನಮಸ್ಕಾರ. ಯಾವತ್ ಬರ್ಲಿ?”

“ನಾನು...” ಎಂದರು ಮಾವ. “ಪೇಂಟ್ರು... ಮಾತಾಡ್ತಿರೋದು.”

“ಯಾರಪ್ಪಾ ಅದು? ಸರ್ಯಾಗ್ ಕೇಳುಸ್ತಿಲ್ಲ. ಪೇಂಟ್ರಿಗ್ ಕೊಡಪ್ಪ ಫೋನ್ನ.”

“ನಾನೇ.”

“ಮನೇಲ್ ಯಾರಾದ್ರೂ ದೊಡ್ಡೋರಿದ್ರೆ ಕೊಡಿ.”

ಮಾವನ ಕಿವಿ ಕೆಂಪಾಯಿತು. ಫೋನನ್ನು ನನ್ನ ಕಡೆ ಚಾಚಿದರು. ಅವರ ಬೆನ್ನ ಹಿಂದೆ ಅತ್ತೆ ಎರಡೂ ಕೈ ಮುಗಿದು, ತುಟಿ ಅಲ್ಲಾಡಿಸಿ, ‘ಆ ತರ, ಆ ತರ’ ಎನ್ನುತ್ತಿದ್ದಳು. ಮಾವನ ಕೆಮ್ಮು ನನ್ನ ಗಂಟಲಿನ ತನಕ ತಾನಾಗಿಯೇ ಬಂದು ನಿಂತಿತ್ತು.

“ನಿನ್ ಗಂಟ್ಲಲ್ಲಿ” ಎಂದರು ಮಾವ. “ಹೇಳು.”

ನನ್ನ ಗಂಟಲಲ್ಲಿ. ಅದು ಯಾವುದೆಂದು ಹುಡುಕಲು ನನಗೆ ಒಂದು ಕ್ಷಣ ಬೇಕಾಯಿತು. “ಮೇಷ್ಟ್ರೇ, ಈಗ ಮಾತಾಡಿದ್ರಲ್ಲ, ಅವ್ರೇ ಪೇಂಟ್ರು. ಮಾವನ್ಗೆ ಲಕ್ವ ಹೊಡ್ದಿತ್ತು. ಇಷ್ಟ್ ದಿನ ನಿಮ್ಹತ್ರ ಮಾತಾಡ್ತಿದ್ದಿದ್ದು ನಾನು. ಅವ್ರ ತಂಗಿ ಮಗ.”

“ಯಾರು, ನಮ್ಮೂರ್ ಸ್ಕೂಲ್ ಡೇಗ್ ಬಂದಿದ್ದ ಆ ಮಿಮಿಕ್ರಿ ಹುಡುಗ್ನಾ? ಲೋ, ನಿನ್ನಾಟ ಎಲ್ಲಾ ಬ್ಯಾಡ ಕಣ್ಲಾ, ಪೇಂಟ್ರಿಗ್ ಕೊಡು!” ಎಂದು ಮೇಷ್ಟ್ರು ನಗಲು ಶುರು ಮಾಡಿದರು. ನಾನು ಮತ್ತೆ ಹೇಳಿದೆ. ಅವರು ಇನ್ನೂ ಜೋರಾಗಿ ನಕ್ಕರು. ನಿಜ ಹೇಳಿದರೂ ಚಪ್ಪಾಳೆ ಬೀಳುವ ಬಾಯಿ ನನ್ನದು.

ಮಾವ ಫೋನಿನ ಹತ್ತಿರಕ್ಕೆ ಬಗ್ಗಿದರು.

“ವೀಳ್ಯ... ತಗೊಂಡಿದ್ದೆ” ಎಂದರು. ಉಸಿರು ತೆಗೆದುಕೊಂಡರು. “ಕೈ... ಆಗಲ್ಲ. ಬೇರೆ ಕಡೆ... ಬರೆಸ್ಕಳಿ.”

ಆ ಕಡೆಯ ನಗು ನಿಂತಿತು.

“ಪೇಂಟ್ರೇ...” ಎಂದರು ಮೇಷ್ಟ್ರು ಆಮೇಲೆ, ಬೇರೆಯೇ ದನಿಯಲ್ಲಿ. “ನೀವಾ?”

“ಹೂಂ.”

ಅವರು ಸಂಜೆ ಫೋನ್ ಮಾಡ್ತೀನಿ ಎಂದು ಇಟ್ಟರು. ಮಾಡುತ್ತಾರೋ ಇಲ್ಲವೋ, ಮಾಡಿದರೆ ಏನು ಹೇಳುತ್ತಾರೋ, ಯಾರಿಗೂ ಗೊತ್ತಿರಲಿಲ್ಲ. ಸಂಜೆಯೊಳಗೆ ಸುದ್ದಿ ಎಲ್ಲೆಲ್ಲಿಗೆ ಮುಟ್ಟುತ್ತದೆ ಎಂಬುದು ಮಾತ್ರ ಮೂವರಿಗೂ ಗೊತ್ತಿತ್ತು. ಅತ್ತೆ ನನ್ನನ್ನು ಒಂದು ಸಲ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯಲು ಶುರು ಮಾಡಿದಳು.

ಮಾತಿನ ನಡುವೆ ಕಂಬ ಒಣಗಿಹೋಗಿತ್ತು. ನಡುಗಿದ ಅಂಚು ನುಣುಪು ಕಾಗದದ ಮೇಲೆ ಇನ್ನಷ್ಟು ಸ್ಪಷ್ಟವಾಗಿ ಕೂತಿತ್ತು. ಹಾಳೆ ಬದಲಿಸಲಾ ಎಂದು ಕೇಳಿದೆ. ಮಾವ ಬೇಡವೆಂದು ತಲೆಯಾಡಿಸಿ, ಅದೇ ಹಾಳೆಯಲ್ಲಿ ಅದರ ಪಕ್ಕಕ್ಕೆ ಇನ್ನೊಂದು ಕಂಬ ಎಳೆದರು. ಅದು ಮೊದಲನೆಯದಕ್ಕಿಂತ ಹೆಚ್ಚು ಅಲುಗಿತು. ಬ್ರಷ್ಷನ್ನು ಲೋಟದಲ್ಲಿ ಅದ್ದಿ, ಅಂಚಿಗೆ ಸವರಿ ನೀರು ತೆಗೆದು, ಮೂರನೆಯದಕ್ಕೆ ಜಾಗ ನೋಡಿದರು. ಒಳಗಿನಿಂದ ಅತ್ತೆ, ಯಾರಿಗೆ ಎಂದು ಹೇಳದೆ, ಮುದ್ದೆ ಆರಿಹೋಗುತ್ತದೆ ಎಂದು ಕೂಗಿದಳು.